ಕ್ರೀಡಾ ಇತಿಹಾಸದ ವಿಚಿತ್ರ ಪ್ರಸಂಗಗಳು: ಎ3 ಹಾಳಿಯೊಳಗ ನಗೆಚಿತ್ರ ತೆಗಿಯೋದು ಹೆಂಗ?

ಶೀಸಪೆನ್ಸಿಲ್, ಬೆಳಗಾವಿ (ಪ್ರಶ್ನೆ)

ಎಲ್ಲಾರಿಗೂ ನಮಸ್ಕಾರ್ರೀ. ಆಗಸ್ಟ್ ಕಡೀಕ ಇಲ್ಲಿ ಹೈಸ್ಕೂಲ್ ಮಕ್ಕಳ ಕ್ರೀಡಾಕೂಟ ಐತಿ. ಮೈದಾನಕ್ಕ ಹತ್ತಿದ ಪಡಸಾಲಿ ಗೋಡಿಗೆ 8 ನಗೆಚಿತ್ರ ಹಚ್ಚೋದೈತಿ. ಎಲ್ಲಾ ಎ3 ಹಾಳಿ, ಕಪ್ಪು ಶಾಯಿ, ಜೋಡಿಗೆ ಒಂದೇ ಬಣ್ಣ. ಖರೇನ ನಡೆದ ಪ್ರಸಂಗ ಅಷ್ಟೇ ಬೇಕು.

ಆರಿಸಿದ್ದು ಇವು: 1904ರ ಸೇಂಟ್ ಲೂಯಿಸ್ ಮ್ಯಾರಥಾನ್, 1908ರ ಲಂಡನ್ ಮ್ಯಾರಥಾನ್‌ನ ದೊರಾಂದೊ ಪಿಯೆತ್ರಿ, 1912ರ ಸ್ಟಾಕ್‌ಹೋಮ್ ಕುಸ್ತಿ, 1913ರ ಟೂರ್ ದ ಫ್ರಾನ್ಸ್ ಸೈಕಲ್ ಪಂದ್ಯದ ಕುಲುಮಿ ಪ್ರಸಂಗ, 1928ರ ಆಮ್‌ಸ್ಟರ್‌ಡ್ಯಾಮ್‌ದಾಗ ಬಾತುಕೋಳಿಗೆ ದಾರಿ ಬಿಟ್ಟ ದೋಣಿ, 1939ರ ಡರ್ಬನ್ ಟೆಸ್ಟ್, 1979ರ ಆಸ್ಟ್ರೇಲಿಯಾ ಕ್ರಿಕೆಟಿಗ ಲಿಲ್ಲಿಯ ಅಲ್ಯುಮಿನಿಯಂ ಬ್ಯಾಟು, 1981ರ ಅಂಡರ್‌ಆರ್ಮ್ ಚೆಂಡು.

ತೊಡಕು ಮೂರು ಅದಾವು. ಮನುಷ್ಯಾಕೃತಿ ಗೊಂಬಿ ನಿಂತಂಗ ಬಿಗಿಯಾಗಿ ಬರಾಕತ್ತಾವು. ಕೆಳಗ ಹತ್ತು ಸಾಲು ಬರೆದ್ರಷ್ಟೇ ನಗು ತಿಳಿತೈತಿ. ಶಾಯಿ ಹಾಳಿ ಮ್ಯಾಲ ಹರಡಾಕತ್ತೈತಿ. ಇದರ ಜೋಡಿ, ಈ ಕಥಿಯೊಳಗ ಎಷ್ಟು ಖರೆ, ಎಷ್ಟು ಬೆಳೆಸಿದ್ದು ಅನ್ನೋದೂ ಬೇಕು. ತಿಳಿದವರು ಬಿಡಿಸಿ ಹೇಳ್ರಿ.

ಕರಿಶಾಯಿ, ವಿಜಯಪುರ

ಆಯ್ಕಿ ಚಲೋ ಐತ್ರಿ. ಆಕೃತಿ ಬಿಗಿ ಆಗೋದು ಹೆಚ್ಚಾಗಿ ಗಳಿಗಿ ತಪ್ಪು ಆರಿಸಿದಾಗ. ಎಲ್ಲಾರೂ ಬಿದ್ದ ಮ್ಯಾಲಿನ ಚಿತ್ರ ತೆಗೀತಾರ. ಮನಷ್ಯಾ ನೆಲಕ್ಕ ಬಿದ್ದಾನಂದ್ರ ಅಲ್ಲಿಗೆ ಕಥಿ ಮುಗೀತು, ನೋಡಾವರು ಊಹಿಸಾಕ ಏನೂ ಉಳಿಯಂಗಿಲ್ಲ. ಬೀಳೂಕಿಂತ ಅರ್ಧ ಸೆಕೆಂಡ್ ಮೊದಲಿನದು ತೆಗೀರಿ.

1981ರ ಚೆಂಡನ್ನ ತಗೊಳ್ರಿ. ಫೆಬ್ರುವರಿ 1, ಮೆಲ್ಬರ್ನ್. ಕಡೀ ಚೆಂಡಿಗೆ ಸಿಕ್ಸ್ ಹೊಡೆದ್ರ ನ್ಯೂಜಿಲೆಂಡಿಗೆ ಟೈ. ಆಸ್ಟ್ರೇಲಿಯಾ ಕ್ಯಾಪ್ಟನ್ ಗ್ರೆಗ್ ಚಾಪೆಲ್ ತನ್ನ ತಮ್ಮ ಟ್ರೆವರ್‌ಗೆ ಚೆಂಡು ನೆಲದ ಮ್ಯಾಲ ಉರುಳಿಸಾಕ ಹೇಳಿದ. ಆವಾಗಿನ ನಿಯಮದೊಳಗ ಅದು ತಪ್ಪಾಗಿರಲಿಲ್ಲ. ನ್ಯೂಜಿಲೆಂಡ್ ಬ್ಯಾಟ್ಸ್‌ಮನ್ ಮೆಕೆಕ್ನಿ ಚೆಂಡು ತಡೆದು ಬ್ಯಾಟು ಒಗೆದ. ಬಹಳ ಮಂದಿ ಆ ಬ್ಯಾಟು ಗಾಳಿಯೊಳಗ ಹಾರೋದನ್ನ ತೆಗೀತಾರ, ಅದಕ್ಕ ಯಾಕ ಒಗೆದ ಅಂತ ಹತ್ತು ಸಾಲು ಬರಿಬೇಕಾಗತೈತಿ. ಅದರ ಬದಲಿ ಚೆಂಡನ್ನ ಪಿಚ್ಚಿನ ನಟ್ಟನಡುವ ಇಡ್ರಿ, ಗೋಲಿ ಉರುಳಿದಂಗ ಹಿಂದ ಸಣ್ಣ ಗೆರಿ. ಬ್ಯಾಟ್ಸ್‌ಮನ್ ಸಿಕ್ಸ್ ಹೊಡಿಯಾಕ ಬ್ಯಾಟು ಎತ್ತಿರಲಿ, ಕಣ್ಣು ಮ್ಯಾಲ ಇರಲಿ, ಚೆಂಡು ಕೆಳಗ. ಸ್ಟಂಪಿನ ಹಿಂದ ವಿಕೆಟ್‌ಕೀಪರ್ ರಾಡ್ ಮಾರ್ಷ್ ಬ್ಯಾಡ ಅಂತ ತಲಿ ಅಲ್ಲಾಡಿಸೋದೂ ಇರಲಿ, ಅದು ಖರೇನ ನಡೆದದ್ದು. ಎಂಟು ವರ್ಷದ ಹುಡುಗನೂ ಓದದನ ತಿಳಕೋತಾನ.

ಲಿಲ್ಲಿಯ ಬ್ಯಾಟಿಗೆ ಸಪ್ಪಳನ ಚಿತ್ರ. 1979ರ ಡಿಸೆಂಬರ್, ಪರ್ತ್. ಇಂಗ್ಲೆಂಡ್ ಕ್ಯಾಪ್ಟನ್ ಬ್ರೇರ್ಲಿ ಚೆಂಡು ಕೆಡತೈತಿ ಅಂತ ತಕರಾರು ತೆಗೆದ, ಕಡೀಕ ಲಿಲ್ಲಿ ಆ ಬ್ಯಾಟನ್ನ ಸಿಟ್ಟಿಲೆ ಬೀಸಿ ಒಗೆದ. ಮುಂದ ಬ್ಯಾಟಿನ ಹಲಗಿ ಕಟ್ಟಿಗೀದ ಇರಬೇಕಂತ ನಿಯಮ ಬಂತು. ಕಟ್ಟಿಗಿ ಬ್ಯಾಟಿಗೆ ‘ಟಕ್’, ಅಲ್ಯುಮಿನಿಯಂಗ ‘ಠಣ್’. ಆ ‘ಠಣ್’ ಅನ್ನೋದನ್ನ ಹಾಳಿಯ ಮೂರನೇ ಒಂದು ಪಾಲು ದೊಡ್ಡದು ಬರೀರಿ, ಠ ಅಕ್ಷರದ ಗುಂಡಗಿನ ಹೊಟ್ಟಿನ ಅಲಗಾಡುವ ಗೆರಿಯಿಂದ ಕಟ್ಟರಿ. ಸ್ಲಿಪ್‌ನವರು ಕಿವಿ ಮುಚ್ಚಿಕೊಂಡಿರಲಿ. ಎರಡೂ ಕೈಲೆ ಡಬರಿ ಬಡಿಯೋ ಮಂದಿ ಇರೋ ಊರಾಗ ಆ ಸಪ್ಪಳ ಯಾರಿಗೂ ಬಿಡಿಸಿ ಹೇಳೋದು ಬೇಕಾಗಿಲ್ಲ.

ಬಾತುಕೋಳಿ ಚಿತ್ರದಾಗ ಒಂದು ತಪ್ಪು ಖಾಯಂ ಆಗತೈತಿ. ಬಾಬಿ ಪಿಯರ್ಸ್ ಒಬ್ಬನ ಹುಟ್ಟು ಹಾಕಾವ, ಎರಡು ಹುಟ್ಟು. ಹುಟ್ಟು ಹಾಕಾವ ದೋಣಿ ಹೋಗೋ ದಿಕ್ಕಿಗೆ ಬೆನ್ನು ಮಾಡಿ ಕುಂತಿರತಾನ. ಅಂದ್ರ ಬಾತುಕೋಳಿ ಅವನ ಬೆನ್ನ ಹಿಂದ ಬರಬೇಕು, ಅವ ಕುತ್ತಿಗಿ ತಿರುವಿ ನೋಡಬೇಕು. ಮುಂದ ನೋಡೋ ಹಂಗ ತೆಗೆದ್ರಿ ಅಂದ್ರ ದೋಣಿ ಬಲ್ಲವರಿಗೆ ಚಿತ್ರ ಸುಳ್ಳಾತು. ಆ ತಿರುವಿದ ಕುತ್ತಿಗೀನ ಚಿತ್ರದ ಜೀವ, ಇಡೀ ಮೈಗೆ ಒಂದು ಬಾಗು ತಾನಾಗೇ ಬರತೈತಿ. ಅವ ಆ ಕ್ವಾರ್ಟರ್‌ಫೈನಲ್ ಗೆದ್ದ, ಆಮ್ಯಾಲ ಬಂಗಾರದ ಪದಕಾನೂ ಗೆದ್ದ, ಅದನ್ನ ಕೆಳಗ ಒಂದು ಸಾಲು ಬರೀರಿ.

ಬಿಗಿ ಬಿಡಿಸಾಕ: ಎ3ಕ್ಕ ಸೀದಾ ಕೈ ಹಚ್ಚಬ್ಯಾಡ್ರಿ. 5×7 ಸೆಂಟಿಮೀಟರಿನ ಆರು ಸಣ್ಣ ಚೌಕಟ್ಟು ಹಾಕಿ, ಒಂದೇ ಪ್ರಸಂಗ ಆರು ನಮೂನಿ ತೆಗೀರಿ. ಪ್ರತಿ ಆಕೃತಿಗೂ ಮೊದಲು ತಲಿಯಿಂದ ಹಿಮ್ಮಡಿತನ ಒಂದೇ ಬಾಗಿದ ಗೆರಿ, ಅದರ ಮ್ಯಾಲ ಮೈ ಕಟ್ಟರಿ. ಆಮ್ಯಾಲ ಆ ಸಣ್ಣ ಚಿತ್ರವನ್ನ ಪೂರ್ತಿ ಕಪ್ಪು ತುಂಬಿ ನೆರಳು ಮಾಡಿ ನೋಡ್ರಿ. ನೆರಳಿನೊಳಗ ಏನು ಮಾಡಾಕತ್ತಾನಂತ ತಿಳಿಲಿಲ್ಲಂದ್ರ ಶಾಯಿ ಹಚ್ಚಿದ ಮ್ಯಾಲೂ ತಿಳಿಯಂಗಿಲ್ಲ. ಮೈ ಮುಂದ ಕೈ ಅಡ್ಡ ಬಂದು ಮುಚ್ಚಿಕೊಂಡಿರೋದು ಸಾಮಾನ್ಯ ಕಾರಣ, ಕೈ ಹೊರಗ ತೆಗೀರಿ. ತಲಿ ಮತ್ತ ಮೈ ಅಳತಿ ಎಂಟೂ ಹಾಳಿಗೆ ಒಂದೇ ಇರಲಿ. ಸಹಜ ಮನಷ್ಯಾ ಏಳೂವರೆ ತಲಿ ಎತ್ತರ, ನಗೆಚಿತ್ರಕ್ಕ ನಾಲ್ಕು ತಲಿ ಸಾಕು.

ಶಾಯಿ ಹರಡೋದು ಹಾಳಿ ದೋಷ. ಮಕ್ಕಳ ಡ್ರಾಯಿಂಗ್ ಬುಕ್ಕಿನ ಹಾಳಿ ಶಾಯಿ ಹೀರಕೋತೈತಿ. ಐವರಿ ಶೀಟ್ 250 ಜಿಎಸ್‌ಎಂ ಇಲ್ಲಾ ಕಾರ್ಟ್ರಿಜ್ 200 ಜಿಎಸ್‌ಎಂ ತಗೊಳ್ರಿ. ಬೆಳಗಾವಿ ಆಗಸ್ಟ್ ಮಳಿಯೊಳಗ ಹಾಳಿ ತೇವ ಹೀರಿ ಉಬ್ಬತೈತಿ, ಅದಕ್ಕ ನಾಲ್ಕೂ ಕಡೆ ಟೇಪಿಲೆ ಹಲಗಿಗೆ ಬಿಗೀರಿ. ಶಾಯಿ ಒಣಗಾಕ ಒಂದು ತಾಸರೆ ಬಿಡ್ರಿ, ಅದಕ್ಕೂ ಮೊದಲು ರಬ್ಬರ್ ಹಚ್ಚಿದ್ರ ಗೆರಿ ಬೂದಿ ಆಗತೈತಿ. ಹೊಸಾ ನಿಬ್ಬಿಗೆ ಎಣ್ಣಿ ಸವರಿರತಾರ. ಸೋಪಿನ ನೀರಿಲೆ ಒರಸ್ರಿ, ಇಲ್ಲಂದ್ರ ಶಾಯಿ ಹನಿ ಹನಿ ಆಗಿ ಬೀಳತೈತಿ. ನಿಬ್ಬನ್ನ ನಡುವಿನ ತೂತಿನ ಅರ್ಧದ ಮಟ ಅಷ್ಟೇ ಅದ್ದಬೇಕು. ನೀರಿಗೆ ಅಳಿಯದ ಡ್ರಾಯಿಂಗ್ ಇಂಕು ಫೌಂಟನ್ ಪೆನ್ನಿಗೆ ಹಾಕಬ್ಯಾಡ್ರಿ, ಒಳಗ ಅರಗಿನಂಗ ಗಟ್ಟಿಯಾಗಿ ಪೆನ್ನು ಹೋಗತೈತಿ. ಹೊರಗೆರಿ 1 ಮಿಲಿಮೀಟರಿಗಿಂತ ಸಣ್ಣದಿದ್ರ ಆರು ಫೂಟಿನಿಂದ ಎದ್ದು ಕಾಣಂಗಿಲ್ಲ.

ನಿಕಾಲಿ, ಬೈಲಹೊಂಗಲ

ಕುಸ್ತಿ ಬಗ್ಗೆ ಮಾತ್ರ ಹೇಳತೀನ್ರಿ.

1912ರ ಪಂದ್ಯ ಮಾರ್ಟಿನ್ ಕ್ಲೈನ್ ಮತ್ತ ಫಿನ್‌ಲೆಂಡಿನ ಆಲ್ಫ್ರೆಡ್ ಅಸಿಕೈನೆನ್ ನಡುವಿಂದು. ಕ್ಲೈನ್ ಎಸ್ಟೋನಿಯಾದಾವ, ಆಡಿದ್ದು ರಷ್ಯಾದ ಹೆಸರಿಲೆ. 11 ತಾಸು 40 ನಿಮಿಷ ನಡೀತು, ಬಯಲಿನೊಳಗ, ಬಿಸಿಲಾಗ. ಅರ್ಧ ತಾಸಿಗೊಮ್ಮೆ ಸ್ವಲ್ಪ ದಮ್ಮು ತಗೊಳ್ಳಾಕ ಬಿಡತಿದ್ರು. ಕ್ಲೈನ್ ಗೆದ್ದ, ಆದ್ರ ಮುಂದಿನ ಪಂದ್ಯಕ್ಕ ಏಳಾಕ ಶಕ್ತಿ ಉಳಿದಿರಲಿಲ್ಲ. ಬಂಗಾರ ಸ್ವೀಡನ್ನಿನ ಕ್ಲಾಸ್ ಯೋಹಾನ್ಸನ್‌ಗೆ ಹೋತು. ಅದೇ ಒಲಿಂಪಿಕ್ಸಿನಾಗ ಇನ್ನೊಂದು ತೂಕದ ಫೈನಲ್, ಆಲ್‌ಗ್ರೆನ್ ಮತ್ತ ಬೋಲಿಂಗ್, ಒಂಬತ್ತು ತಾಸು ಆದ್ರೂ ನಿಕಾಲಿ, ಅಂದ್ರ ಸೋಲು-ಗೆಲುವಿನ ತೀರ್ಮಾನ, ಆಗಲಿಲ್ಲ. ಇಬ್ಬರಿಗೂ ಬೆಳ್ಳಿ ಕೊಟ್ರು, ಬಂಗಾರ ಯಾರಿಗೂ ಇಲ್ಲ. ನಮ್ಮ ಕಡೆ ಜಾತ್ರಿ ಕಣದಾಗ ‘ನಿಕಾಲಿ ಕುಸ್ತಿ’ ಅಂದ್ರ ಏನಂತ ತಿಳಿದವರಿಗೆ ಈ ಎರಡನೇದೂ ಭಾಳ ಹಿಡಸತೈತಿ.

ಈಗ ಚಿತ್ರದ ಮಾತು. ಇದು ಗ್ರೀಕೊ-ರೋಮನ್ ಕುಸ್ತಿ, ಸೊಂಟದ ಕೆಳಗ ಕೈ ಹಚ್ಚಂಗಿಲ್ಲ, ಕಾಲಿಲೆ ಅಡ್ಡಗಾಲೂ ಕೊಡಂಗಿಲ್ಲ. ಮಣ್ಣಿನ ಕುಸ್ತಿ ಕಣ್ಣಾಗ ಇಟ್ಟಕೊಂಡು ಕಲಾಜಂಗ ಪಟ್ಟು ತೆಗೆದ್ರಿ ಅಂದ್ರ ತಪ್ಪು, ಅದಕ್ಕ ಕಾಲು ಹಿಡಿಬೇಕು. ಕುತ್ತಿಗಿ, ರಟ್ಟಿ, ಎದಿ ಸುತ್ತಿನ ಹಿಡಿತ ಅಷ್ಟೇ ತೋರಸ್ರಿ. ಕೆಂಪು ಮಣ್ಣಿನ ಕಣ ಬ್ಯಾಡ, ಚಾಪಿ ಹಾಸಿದ್ರು. ಲಂಗೋಟ ಬ್ಯಾಡ.

ಹನ್ನೊಂದೂವರೆ ತಾಸು ತೋರಸೋದು ಹೆಂಗ? ಗಡಿಯಾರ ತೆಗೆಯೋದು ಎಲ್ಲಾರಿಗೂ ಹೊಳೀತೈತಿ. ಅದಕ್ಕಿಂತ ಹಾಳಿಯನ್ನ ಅಡ್ಡಕ್ಕ ಮೂರು ಪಟ್ಟಿ ಮಾಡ್ರಿ, ಮೂರರಾಗೂ ಅದೇ ಹಿಡಿತ, ಅದೇ ನಿಲುವು, ಒಂದು ಬೆರಳೂ ಸರಿಯಬಾರದು. ಟ್ರೇಸ್ ಮಾಡಿ ಇಳಸ್ರಿ, ಗಾಜಿನ ಕೆಳಗ ಟ್ಯೂಬ್‌ಲೈಟ್ ಇಟ್ರ ಸಾಕು. ಬದಲಾಗೋದು ನೆರಳು ಅಷ್ಟೇ: ಮೊದಲನೇ ಪಟ್ಟಿಯಾಗ ಉದ್ದಕ ಎಡಕ್ಕ, ನಡುವಿನದರಾಗ ಕಾಲ ಬುಡಕ್ಕ, ಮೂರನೇದರಾಗ ಉದ್ದಕ ಬಲಕ್ಕ. ನಿಮ್ಮ ಒಂದೇ ಬಣ್ಣವನ್ನ ಆ ನೆರಳಿಗೆ ಕೊಡ್ರಿ. ಪಂಚರು ಮೊದಲನೇ ಪಟ್ಟಿಯಾಗ ನಿಂತಿರಲಿ, ಎರಡನೇದರಾಗ ಕುಂತಿರಲಿ, ಮೂರನೇದರಾಗ ಗಲ್ಲಕ್ಕ ಕೈ ಹಚ್ಚಿರಲಿ.

ಒಂಬತ್ತನೇ ಹಾಳಿಗೆ ಜಾಗಾ ಇದ್ರ ಗಾಮಾ ಪೈಲ್ವಾನರ 1910ರ ಸೆಪ್ಟೆಂಬರ್ 10ರ ಲಂಡನ್ ಕುಸ್ತಿ ಸೇರಸ್ರಿ. ಎದುರಾಳಿ ಝ್ಬಿಸ್ಕೊ ಚಿತ್ ಆಗೋ ಅಂಜಿಕಿಲೆ ಚಾಪಿಗೆ ಡಬ್ಬ ಬಿದ್ದು ಎರಡೂವರೆ ತಾಸಿಗೂ ಹೆಚ್ಚು ಅಂಟಿಕೊಂಡ. ಸಮಬಲ ಅಂದ್ರು. ಒಂದು ವಾರ ಬಿಟ್ಟು ಮತ್ತ ಕುಸ್ತಿ ಇತ್ತು, ಅವ ಬರಲಿಲ್ಲ. 1928ರಾಗ ಪಟಿಯಾಲದೊಳಗ ಮತ್ತ ಸಿಕ್ಕಾಗ ಗಾಮಾ ಒಂದು ನಿಮಿಷದೊಳಗ ಕೆಡವಿದ್ರು. ಚಿತ್ರದಾಗ ಝ್ಬಿಸ್ಕೊನ ಮೈ ಚಾಪಿ ಜೋಡಿ ಒಂದೇ ಗೆರಿಯೊಳಗ ಕೂಡಸ್ರಿ, ಎಲ್ಲಿ ಮೈ ಮುಗೀತು ಎಲ್ಲಿ ಚಾಪಿ ಸುರು ಆತು ಅನ್ನೋದು ತಿಳಿಬಾರದು.

ಮುಧೋಳ ರಸ್ತೆ, ಜಮಖಂಡಿ

ಸೈಕಲ್ ಚಿತ್ರಕ್ಕ ಬರ್ತೀನಿ. ನಮ್ಮ ಬಾಗಲಕೋಟ, ವಿಜಯಪುರದ ಕಡೆ ಸೈಕಲ್ ಪಂದ್ಯ ಬಲ್ಲ ಮಂದಿ ಭಾಳ, ಬೆಳಗಾವಿಗೂ ಬರತಾರ, ತಪ್ಪು ಇದ್ರ ಮೊದಲು ಅವರ ಕಣ್ಣಿಗೆ ಬೀಳತೈತಿ.

ಯುಜೆನ್ ಕ್ರಿಸ್ತೋಫ್, 1913. ತೂರ್ಮಲೆ ಘಾಟ್ ಇಳಿಯೂಮುಂದ ಸೈಕಲ್ಲಿನ ಮುಂದಿನ ಫೋರ್ಕ್ ಮುರೀತು. ಫ್ರೇಮ್ ಮುರೀತು ಅಂತ ತೆಗೀತಾರ, ಅದು ತಪ್ಪು. ಫೋರ್ಕ್ ಅಂದ್ರ ಮುಂದಿನ ಗಾಲಿ ಹಿಡಿಯೋ ಎರಡು ಕಾಲು. ಸೈಕಲ್ ಹೆಗಲ ಮ್ಯಾಲ ಹೊತ್ತು ಹತ್ತು ಕಿಲೋಮೀಟರಿಗೂ ಹೆಚ್ಚು ನಡೆದು ಸೇಂತ್-ಮಾರಿ-ದ-ಕಾಂಪಾನ್ ಊರಿನ ಕಮ್ಮಾರಸಾಲಿಗೆ ಬಂದ. ಬ್ಯಾರೆಯವರ ಸಹಾಯ ತಗೊಳ್ಳಂಗಿಲ್ಲ ಅಂತ ನಿಯಮ. ಅದಕ್ಕ ಕಬ್ಬಿಣ ಕಾಸಿ ಬಡಿದು ಫೋರ್ಕ್ ಕೂಡಿಸಿದ್ದು ಅವನ, ಪಂದ್ಯದ ಅಧಿಕಾರಿಗಳು ನಿಂತು ನೋಡಾಕತ್ತಿದ್ರು. ಎರಡೂ ಕೈ ಕೆಲಸದಾಗ ಇದ್ದದ್ದಕ್ಕ ಒಬ್ಬ ಸಣ್ಣ ಹುಡುಗ ತಿದಿ ಒತ್ತಿದ. ಆ ತಿದಿ ಒತ್ತಿಸಿಕೊಂಡ ತಪ್ಪಿಗೆ 10 ನಿಮಿಷ ದಂಡ ಹಾಕಿದ್ರು, ಆಮ್ಯಾಲ ಕಡಿಮಿ ಮಾಡಿದ್ರು. ಆ ವರ್ಷದ ಟೂರಿನಾಗ ಅವ ಏಳನೇ ಸ್ಥಾನಕ್ಕ ಬಂದ. ಅಷ್ಟೊಂದು ತಾಸು ಕಳಕೊಂಡೂ ಏಳನೇದು, ನೆನೆಸಿಕೊಂಡ್ರ ಕೈ ಮುಗಿಬೇಕನಸತೈತಿ.

ಚಿತ್ರದ ನಡುವಿಗೆ ಆ ಹುಡುಗನ್ನ ಇಡ್ರಿ. ಕ್ರಿಸ್ತೋಫ್ ಬೆವರು ಸುರಿಸಿ ಸುತಗಿ ಎತ್ಯಾನ, ಅಧಿಕಾರಿ ಅವನ್ನ ನೋಡದನ ಹುಡುಗನ ಬೆರಳು ತಿದಿ ಹಿಡಿಕಿ ಮ್ಯಾಲ ಇರೋದನ್ನ ಬಗ್ಗಿ ನೋಡಿ ಪುಸ್ತಕದಾಗ ಬರಕೊಳ್ಳಾಕತ್ಯಾನ. ಬಣ್ಣ ಕೆಂಡಕ್ಕ ಮಾತ್ರ ಕೊಡ್ರಿ.

ಆವಾಗಿನ ಸೈಕಲ್ಲಿಗೆ ಈಗಿನ ಗೇರ್ ಬದಲಿಸೋ ಡಿರೇಲರ್ ಇರಲಿಲ್ಲ, ಹೆಲ್ಮೆಟ್ ಇರಲಿಲ್ಲ. ಬಾಗಿದ ಹ್ಯಾಂಡಲ್, ಸಣ್ಣ ಟೊಪಿಗಿ, ಕಣ್ಣಿಗೆ ಧೂಳಿನ ಕನ್ನಡಕ, ಹೆಚ್ಚಿನ ಟೈರನ್ನ ಹೆಗಲಿಗೆ ಅಡ್ಡಕ್ಕ ಎಂಟರಂಗ ಸುತ್ತಿದ್ದು. ಗಾಲಿ ತೆಗಿಯೂಮುಂದ ಅರಿಗಳನ್ನ ಎಣಿಸಿ ಹಾಕಬ್ಯಾಡ್ರಿ, ಹತ್ತು ಹನ್ನೆರಡು ತೆಳು ಗೆರಿ ಸಾಕು. ಮೂವತ್ತಾರೂ ಹಾಕಿದ್ರ ದೂರಿಂದ ಗಾಲಿ ಕರಿ ತಟ್ಟಿ ಕಾಣತೈತಿ.

ಸ್ಕೋರ್‌ಬುಕ್, ಬಾಗಲಕೋಟೆ

ಎರಡು ಮ್ಯಾರಥಾನ್ ಮತ್ತು ಡರ್ಬನ್ ಬಗ್ಗೆ ಬರೆಯುತ್ತೇನೆ, ಅಲ್ಲಿ ಎಚ್ಚರ ಬೇಕು.

1904ರ ಓಟ ನಡೆದದ್ದು ಆಗಸ್ಟ್ 30ರಂದು, ಬಿರುಬಿಸಿಲಿನಲ್ಲಿ, ಧೂಳಿನ ರಸ್ತೆಯಲ್ಲಿ. ಓಡಲು ನಿಂತವರು 32, ಮುಗಿಸಿದವರು 14. ಫ್ರೆಡ್ ಲೋರ್ಜ್ ಸುಸ್ತಾಗಿ ಕಾರು ಹತ್ತಿ ಸುಮಾರು 11 ಮೈಲಿ ಕುಳಿತು ಬಂದ, ಕಾರು ಕೆಟ್ಟು ನಿಂತಾಗ ಇಳಿದು ಕ್ರೀಡಾಂಗಣಕ್ಕೆ ಓಡಿಬಂದ. ಅವನೇ ಗೆದ್ದನೆಂದು ಜನ ಕೂಗಿದರು, ಬಳಿಕ ಹೊರಗೆ ಹಾಕಿದರು. ಮರುವರ್ಷ ಬಾಸ್ಟನ್ ಮ್ಯಾರಥಾನನ್ನು ಅವನು ನಿಜವಾಗಿಯೇ ಗೆದ್ದ. ಕ್ಯೂಬಾದ ಅಂಚೆಯವ ಫೆಲಿಕ್ಸ್ ಕಾರ್ವಾಹಾಲ್ ಉದ್ದ ಪ್ಯಾಂಟನ್ನು ಮೊಣಕಾಲಿಗೆ ಕತ್ತರಿಸಿಕೊಂಡು ಓಡಿ ನಾಲ್ಕನೆಯವನಾದ. ಅವನು ದಾರಿಯ ತೋಟದಲ್ಲಿ ಸೇಬು ತಿಂದು ಮಲಗಿದ ಎಂಬುದು ಬಾಯಿಂದ ಬಾಯಿಗೆ ಬಂದ ಭಾಗ. ಚಿತ್ರದಲ್ಲಿ ಸೇಬು ಹಾಕಿದರೆ ಬರಹದಲ್ಲಿ ‘ಎಂದು ಹೇಳುತ್ತಾರೆ’ ಅಂತ ಸೇರಿಸಿ. ನಾಲ್ಕನೇ ಸ್ಥಾನ ಮಾತ್ರ ದಾಖಲೆ.

ಗೆದ್ದವನು ಥಾಮಸ್ ಹಿಕ್ಸ್. ಅವನಿಗೆ ದಾರಿಯಲ್ಲಿ ಮೊಟ್ಟೆಯ ಬಿಳಿಯ ಜೊತೆ ಸ್ಟ್ರಿಕ್ನಿನ್ ಕೊಟ್ಟಿದ್ದರು, ಬ್ರಾಂಡಿಯನ್ನೂ ಕುಡಿಸಿದ್ದರು. ಸ್ಟ್ರಿಕ್ನಿನ್ ವಿಷ, ಅವನು ಸಾಯುವ ಸ್ಥಿತಿಗೆ ಬಂದಿದ್ದ. ಹೈಸ್ಕೂಲ್ ಮಕ್ಕಳ ಗೋಡೆಗೆ ಅದನ್ನು ನಗೆಯಾಗಿ ಹಾಕಬೇಡಿ, ಕಾರಿನ ಚಿತ್ರ ಸಾಕು. ಕಾರು ತೆರೆದದ್ದು, ಮುಂದೆ ತಿರುಗಿಸುವ ಹಿಡಿಕೆ, ಅರಗಳಿರುವ ಗಾಲಿ. ಕಾರಿನೊಳಗೆ ಕೈ ಬೀಸುತ್ತಿರುವ ಲೋರ್ಜ್, ಎದೆಯ ಮೇಲೆ ಓಟಗಾರನ ಸಂಖ್ಯೆ, ಹಿಂದೆ ಧೂಳಿನ ಮೋಡದಿಂದ ಬರೀ ಮೊಣಕಾಲುಗಳು ಹೊರಗೆ ಕಾಣುತ್ತಿರಲಿ.

ದೊರಾಂದೊ ಪಿಯೆತ್ರಿಯನ್ನು ಕುಡಿದವನಂತೆ ಬರೆಯುವ ಚಾಳಿ ಇದೆ, ಅದು ಅನ್ಯಾಯ. ಆತ ಬಿಸಿಲಿಗೆ ಬಸವಳಿದಿದ್ದ. ಕ್ರೀಡಾಂಗಣಕ್ಕೆ ಮೊದಲು ಬಂದವನು ತಪ್ಪು ದಿಕ್ಕಿಗೆ ತಿರುಗಿದ. ಕರಿಶಾಯಿಯವರು ಹೇಳಿದ ಅರ್ಧ ಸೆಕೆಂಡ್ ಇಲ್ಲಿದೆ: ಅವನು ಒಂದು ಕಡೆ, ಹತ್ತು ಜನ ಅಧಿಕಾರಿಗಳ ಕೈ ಇನ್ನೊಂದು ಕಡೆ, ಒಬ್ಬನ ಕೈಯಲ್ಲಿ ದೊಡ್ಡ ಮೆಗಾಫೋನ್. ಬಳಿಕ ಐದು ಸಲ ಬಿದ್ದ, ಅವರೇ ಎತ್ತಿ ನಿಲ್ಲಿಸಿದರು, ಎತ್ತಿ ನಿಲ್ಲಿಸಿದ್ದಕ್ಕೇ ಪದಕ ಹೋಯಿತು. ಚಿನ್ನ ಅಮೆರಿಕದ ಜಾನಿ ಹೇಯ್ಸ್‌ಗೆ. ರಾಣಿ ಅಲೆಕ್ಸಾಂಡ್ರಾ ಮರುದಿನ ಪಿಯೆತ್ರಿಗೆ ಬೆಳ್ಳಿಯ ಬಟ್ಟಲು ಕೊಟ್ಟರು. ಎದೆಯ ಸಂಖ್ಯೆ 19. ಆ ಪ್ರಸಿದ್ಧ ಫೋಟೋದಲ್ಲಿ ಅವನನ್ನು ಹಿಡಿದವರು ಲೇಖಕ ಆರ್ಥರ್ ಕಾನನ್ ಡಾಯ್ಲ್ ಎಂಬ ಮಾತು ತಪ್ಪು, ಅವರು ಪತ್ರಿಕೆಗೆ ಬರೆಯಲು ಪ್ರೇಕ್ಷಕರ ನಡುವೆ ಇದ್ದರು.

1912ರ ಸ್ಟಾಕ್‌ಹೋಮ್ ಮ್ಯಾರಥಾನ್‌ನ ಜಪಾನಿ ಓಟಗಾರ ಶಿಜೊ ಕನಕುರಿಯನ್ನು ಸೇರಿಸುವ ಆಸೆ ಬಂದರೆ ಒಂದು ಮಾತು. ಆತ ನಡುದಾರಿಯಲ್ಲಿ ಓಟ ಬಿಟ್ಟು ಯಾರಿಗೂ ಹೇಳದೆ ಊರಿಗೆ ಹೋದ, 1967ರಲ್ಲಿ ಬಂದು ಮುಗಿಸಿದ. ಸಮಯ 54 ವರ್ಷ 8 ತಿಂಗಳು 6 ದಿನ 5 ಗಂಟೆ 32 ನಿಮಿಷ 20.3 ಸೆಕೆಂಡ್. ಅದೇ ಓಟದಲ್ಲಿ ಪೋರ್ಚುಗಲ್‌ನ ಲಾಜರೊ ಬಿಸಿಲಿಗೆ ಕುಸಿದು ತೀರಿಕೊಂಡ. ಹಾಗಾಗಿ 1912ರ ಬಿಸಿಲನ್ನು ಬಿಟ್ಟು 1967ರ ಮುದುಕನ ನಗುಮುಖವನ್ನೇ ಬರೆಯಿರಿ.

ಡರ್ಬನ್‌ನದು ದಿನಗಳ ಮಿತಿ ಇಲ್ಲದ ಕ್ರಿಕೆಟ್ ಟೆಸ್ಟ್, ಮಾರ್ಚ್ 3ರಿಂದ 14. ಇಂಗ್ಲೆಂಡಿಗೆ ಬೇಕಿದ್ದದ್ದು 696, ಆದದ್ದು 5 ವಿಕೆಟ್‌ಗೆ 654, ಉಳಿದದ್ದು 42 ರನ್. ಮಳೆ ಬಂತು, ಇಂಗ್ಲೆಂಡಿನವರು ಊರಿಗೆ ಮರಳುವ ಹಡಗಿಗೆ ಹೊತ್ತಾಯಿತು, ಪಂದ್ಯ ಡ್ರಾ. ಮೈದಾನದ ಹಿಂದೆ ಹಡಗು ನಿಲ್ಲಿಸುತ್ತಾರೆ, ಅದು ತಪ್ಪು. ಹಡಗು ಇದ್ದದ್ದು ಕೇಪ್‌ಟೌನ್‌ನಲ್ಲಿ, ಡರ್ಬನ್‌ನಲ್ಲಿ ಹತ್ತಬೇಕಾದದ್ದು ರೈಲು. ಪ್ಯಾಡ್ ಕಟ್ಟಿದ ಬ್ಯಾಟ್ಸ್‌ಮನ್ನನ ಒಂದು ಕಾಲು ಕ್ರೀಸಿನಲ್ಲಿ, ಇನ್ನೊಂದು ರೈಲಿನ ಮೆಟ್ಟಿಲ ಮೇಲೆ, ಹಿಂದೆ ಫಲಕದಲ್ಲಿ ಎರಡೇ ಅಂಕಿ, 654 ಮತ್ತು 696.

ಶೀಸಪೆನ್ಸಿಲ್, ಬೆಳಗಾವಿ

ಭಾಳ ಉಪಕಾರಾತ್ರಿ ಎಲ್ಲಾರಿಂದ. ನೆರಳಿನ ಮೂರು ಪಟ್ಟಿ ಖಾತ್ರಿ ಮಾಡತೀನಿ. 1904ರ ಹಾಳಿಯೊಳಗ ದಕ್ಷಿಣ ಆಫ್ರಿಕಾದ ಲೆನ್ ಟೌನ್ಯಾನೆ ಹಿಂದ ನಾಯಿ ಬೆನ್ನು ಹತ್ತಿದ್ದೂ ಬೇಕಾಗೈತಿ. ಅದನ್ನ ನಮ್ಮ ಮುಧೋಳ ನಾಯಿ ಮಾಡಿದ್ರ ಹೆಂಗ? ಮತ್ತ, ಕೆಳಗಿನ ಅಕ್ಷರ ಕೈಲೆ ಬರೀಲೋ, ಪ್ರಿಂಟ್ ಹಾಕಸಲೋ?

ಮುಧೋಳ ರಸ್ತೆ, ಜಮಖಂಡಿ

ಸೇಂಟ್ ಲೂಯಿಸ್ ರಸ್ತೆದಾಗ ಮುಧೋಳ ನಾಯಿ ಬ್ಯಾಡ್ರಿ. ಓಟದ ಮಾದರಿಗೆ ಮಾತ್ರ ಅದನ್ನ ನೋಡ್ರಿ. ಮೈಮ್ಯಾಲ ಕೂದಲು ಕಡಿಮಿ, ಪಕ್ಕೆಲಬು ಸೊಂಟ ಎಲ್ಲಾ ಕಾಣತಾವು, ಕಲಿಯಾಕ ಚಲೋ. ನಾಗಾಲೋಟದಾಗ ಅದರ ನಾಲ್ಕೂ ಕಾಲು ಎರಡು ಸಲ ನೆಲ ಬಿಡತಾವು: ಒಮ್ಮೆ ಕಾಲು ಹೊಟ್ಟಿ ಕೆಳಗ ಕೂಡಿದಾಗ, ಒಮ್ಮೆ ಮುಂದ ಹಿಂದ ಚಾಚಿದಾಗ. ಚಾಚಿದ ನಿಲುವು ತಗೊಂಡು ಸೊಂಟ ದಪ್ಪ ಮಾಡಿ, ಕಿವಿ ಮಡಚಿ, ಬಾಲಕ್ಕ ಕೂದಲು ಹಚ್ಚರಿ, ಊರ ನಾಯಿ ಆಗತೈತಿ. ನಾಯೀನ್ನ ದೊಡ್ಡದು ಮಾಡ್ರಿ, ಟೌನ್ಯಾನೆ ಮುಖ ಸಹಜ ಇರಲಿ. ಅವ ಅಷ್ಟಾದ್ರೂ ಒಂಬತ್ತನೇದಾಗಿ ಓಟ ಮುಗಿಸಿದ. ಹಳೇ ಪತ್ರಿಕಿಯವರು ಆಫ್ರಿಕಾದವರ ತುಟಿ ಮೂಗು ಹಿಗ್ಗಿಸಿ ತೆಗಿತಿದ್ರು, ಆ ಕೆಟ್ಟ ಚಟ ಮಕ್ಕಳ ಗೋಡಿಗೆ ಬರಬಾರದು.

ಒತ್ತಕ್ಷರ, ಬೆಳಗಾವಿ

ಸಪ್ಪಳದ ಅಕ್ಷರ ಕೈಲೇ ಬರೀರಿ, ವಿವರಣೆ ಪ್ರಿಂಟ್ ಮಾಡಿಸಿ. ಆರು ಫೂಟಿನಿಂದ ಓದಲು ಅಕ್ಷರದ ಎತ್ತರ 15 ಮಿಲಿಮೀಟರ್ ಬೇಕು, ಅದೂ ಒತ್ತಕ್ಷರ ಬಿಟ್ಟು. ಸಾಲುಗಳ ನಡುವೆ ಅಷ್ಟೇ ಜಾಗ ಬಿಡಿ. ಇಲ್ಲದಿದ್ದರೆ ಮೇಲಿನ ಸಾಲಿನ ‘ಸ್ಟ್ರಿ’ಯ ಬಾಲ ಕೆಳಗಿನ ಸಾಲಿನ ‘ಕೀ’ಯ ತಲೆಗೆ ಬಡಿಯುತ್ತದೆ. ಒಂದು ಚಿತ್ರಕ್ಕೆ ಎರಡೇ ಸಾಲು: ಊರು ಮತ್ತು ವರ್ಷ, ಆಮೇಲೆ ಫಲಿತಾಂಶ.

ಅಂಗಡಿಯಲ್ಲಿ ಅಕ್ಷರ ಒಡೆಯುವುದಕ್ಕೆ ಎರಡು ಕಾರಣ. ಹಳೆಯ ಫೋಟೋಶಾಪ್‌ನ ಪ್ರೆಫರೆನ್ಸಸ್‌ನಲ್ಲಿ ಟೈಪ್ ಭಾಗಕ್ಕೆ ಹೋಗಿ ವರ್ಲ್ಡ್-ರೆಡಿ ಲೇಔಟ್ ಆರಿಸದಿದ್ದರೆ ‘ಕ್ರೀಡೆ’ ‘ಕ್‌ರೀಡೆ’ ಆಗುತ್ತದೆ. ಇನ್ನೊಂದು, ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆಯುವುದು. ಕೋರೆಲ್ ಡ್ರಾದಲ್ಲಿ ಅಕ್ಷರ ಆರಿಸಿ ಕಂಟ್ರೋಲ್ ಕ್ಯೂ ಒತ್ತಿ ಕರ್ವ್ಸ್ (ಅಕ್ಷರದ ಬದಲು ಗೆರೆಯ ಆಕೃತಿ) ಮಾಡಿ, ಪಿಡಿಎಫ್ ಆಗಿಯೇ ಕೊಡಿ. ಕರ್ವ್ಸ್ ಆದ ಮೇಲೆ ತಿದ್ದಲು ಬರುವುದಿಲ್ಲ, ಆದ್ದರಿಂದ ಮೂಲ ಫೈಲ್ ಬೇರೆ ಇಟ್ಟುಕೊಳ್ಳಿ.

ಸ್ಕ್ಯಾನ್ ಮಾಡುವುದಾದರೆ 600 ಡಿಪಿಐ, ಕಲರ್. ಎ4 ಸ್ಕ್ಯಾನರ್ ಮಾತ್ರ ಇದ್ದರೆ ಮೂರು ಸಲ ಮಾಡಿ, ಅಕ್ಕಪಕ್ಕದ ಎರಡರಲ್ಲೂ 3 ಸೆಂಟಿಮೀಟರ್ ಬರಲಿ, ಜೋಡಿಸಲು ಅದು ಬೇಕು. ತಿಳಿನೀಲಿ ಪೆನ್ಸಿಲ್‌ನಲ್ಲಿ ಸ್ಕೆಚ್ ಮಾಡಿದ್ದರೆ ಅಳಿಸುವ ಕೆಲಸವೇ ಇಲ್ಲ, ಕಂಪ್ಯೂಟರಿನಲ್ಲಿ ನೀಲಿಯನ್ನು ತೆಗೆದುಬಿಡಬಹುದು. ಪ್ರಿಂಟ್ ಹಾಕುವಾಗ ‘ಫಿಟ್ ಟು ಪೇಜ್’ ತೆಗೆಸಿ, 100 ಪ್ರತಿಶತ ಇಡಿಸಿ.

ಫ್ಲೆಕ್ಸ್ ಮಾತು ಬೇಡ, ರಾಜ್ಯದಲ್ಲಿ 2016ರಿಂದ ನಿಷೇಧವಿದೆ. ಹೊಳೆಯುವ ಲ್ಯಾಮಿನೇಷನ್ ಬೇಡ, ಪಡಸಾಲೆಯ ಬೆಳಕಿಗೆ ಮಿಂಚಿ ಗೆರೆ ಕಾಣುವುದಿಲ್ಲ, ಮ್ಯಾಟ್ ಇರಲಿ. ಮಳೆಗಾಲದ ಗೋಡೆ ಬೆವರುತ್ತದೆ. 5 ಮಿಲಿಮೀಟರ್ ಸನ್‌ಬೋರ್ಡಿಗೆ (ಹಗುರ ಪ್ಲಾಸ್ಟಿಕ್ ಹಲಗೆ) ಅಂಟಿಸಿ, ಹಿಂದೆ ನಾಲ್ಕು ಮೂಲೆಗೆ ಸನ್‌ಬೋರ್ಡಿನದೇ ಎರಡು ಮೂರು ಸಣ್ಣ ತುಂಡು ಒಂದರ ಮೇಲೊಂದು ಇಟ್ಟು ಗೋಡೆಯಿಂದ ಅರ್ಧ ಇಂಚು ದೂರ ನಿಲ್ಲಿಸಿ. ಚಿತ್ರದ ನಡುಭಾಗ ನೆಲದಿಂದ ನಾಲ್ಕೂವರೆ ಫೂಟಿಗೆ ಬರಲಿ, ಎಂಟನೇ ತರಗತಿಯ ಮಕ್ಕಳೂ ಕತ್ತೆತ್ತದೆ ನೋಡಬಹುದು.